ಕತ್ತಲ ಮೇಲ್

ಗಂಜಿನ ಹಿಂದ, ಬೇಳೆ ಮಿಲ್ಲಿನ ಹಳೇ ಶೆಡ್ಡಿನಾಗ
ಮೂವತ್ತೊಂದು ವರ್ಷ ಓಡಿದ ಗಾಡಿ ಈಗ ನಿಂತದ.
ಶಟರಿಗಿ ಚೀಟಿ ಹಚ್ಯಾರ:
'ಹೊಸ ರೂಪದಾಗ ಬರ್ತೀವಿ, ದೀಪಾವಳಿಗಿ.'

ಹೊಸ ರೂಪ ಯಾರು ಕೇಳಿದ್ರು?
ಅಂಬಾರಾಯ ಬಶಿ ಕುಕ್ಕಿದ, ಅರ್ಧ ಚಾ ಚೆಲ್ತು.
ನೂರಾ ಎಂಬತ್ತು ಸಲ ಕುಂತಾನ ಇವ, ಲೆಕ್ಕ ಇಟ್ಟಾನ,
ಹಳೇ ಡೈರಿಯ ಕೊನೀ ಹಾಳ್ಯಾಗ ಗೀಟಿನ ಮ್ಯಾಲ ಗೀಟು.
'ಮೂರನೇ ತಿರುವಿನ ಜರ್ಕು ತಗದ್ರ
ಅದು ಗಾಡಿ ಅಲ್ಲ, ತೊಟ್ಟಿಲು.'

ತಯ್ಯಬ್ ನಕ್ಕ. ವಾಡಿ ಜಂಕ್ಷನ್ನಿನಾಗ
ಹಳಿ ನೋಡಿ ಮುದುಕ ಆದವ.
'ಜರ್ಕು ಅಂತೀಯಲ್ಲ, ಅದು ಕಂಬ ಕುಸದದ್ದು.
ನಮ್ಮ ಕರಿಮಣ್ಣು ಮಳಿಗಿ ಉಬ್ತದ, ಬ್ಯಾಸಗಿಗಿ ಬಿರೀತದ,
ಹಳಿ ಎರಡು ಬೆರಳು ಸೊಟ್ಟ ಆಗ್ಯದ.
ನೀ ಜೀವ ಇಟ್ಟದ್ದು ಒಂದು ತಪ್ಪಿನ ಮ್ಯಾಲ, ಭಾಯಿ.'

ಆಗಲಿ, ಅಂದ ಅಂಬಾರಾಯ. ತಪ್ಪು ನಮ್ಮೂರ ಮಣ್ಣಿಂದು.
ಪುಣೆದಿಂದ ಬಂದವ ಅದನ್ನ ಹ್ಯಾಂಗ ತಿದ್ದತಾನ?

ನನ್ನ ಚಿಂತಿ ನಕ್ಷತ್ರದ್ದು.
ತಗಡು ಕತ್ತರಿಸಿ ರೇಡಿಯಂ ಬಳದು ಮಾಡಿದ್ದು,
ಒಂದಕ್ಕ ಏಳು ಮೂಲಿ ಇದ್ವು, ಪೇಂಟರನ ಕೈ ತಪ್ಪಿ.
ಹೊರಗ ನಲವತ್ನಾಲ್ಕು ಡಿಗ್ರಿ ಉರಿಯೋ ಮಧ್ಯಾಹ್ನ
ಕೂಲರಿನ ಹುಲ್ಲಿನ ವಾಸನಿ, ತೊಗರಿ ಧೂಳು,
ತಲಿ ಮ್ಯಾಲ ಆ ಏಳು ಮೂಲಿ.
ಅಲ್ಲಿ ಈಗ ಪರದಾ ಹಾಕತಾರಂತ,
ಪರದಾದಾಗ ಡ್ರ್ಯಾಗನ್ ಹಾರತದಂತ.

'ಅಕ್ಕಾ, ಆ ಲಾಕ್ ನೋಡೀರೇನು?' ಅಂದ್ಳು ಪ್ರೇರಣಾ,
ಝರಣಪ್ಪನ ಮಗಳು, ಇನ್ನೂ ಇಪ್ಪತ್ತಿಲ್ಲ.
'ಒಂದು ಕಬ್ಬಿಣದ ಸರಳು, ಒಂದು ಮೊಳಿ.
ನೀವು ಅದಕ್ಕ ಧೈರ್ಯ ಅಂತೀರಿ,
ನಾ ನಸೀಬು ಅಂತೀನಿ.'
ಯಾರೂ ಮಾತಾಡಲಿಲ್ಲ.
ಮಿರ್ಚಿ ತಣ್ಣಗಾದ್ವು.

ಐತಾರ ಮ್ಯಾನೇಜರ್ ಒಳಗ ಬಿಟ್ಟ.
ಮೊದಲ ಸಲ ಎಲ್ಲಾ ಲೈಟು ಹತ್ತಿದ್ವು.

ಇಷ್ಟೇ?

ಆ ದೊಡ್ಡ ಇಳುಕಲು, ಕರುಳು ಬಾಯಿಗಿ ಬರ್ತಿದ್ದ ಜಾಗ,
ಹನ್ನೊಂದು ಅಡಿ.
ತಯ್ಯಬ್ ಟೇಪ್ ಹಿಡದು ಎರಡು ಸಲ ಅಳದ.
ಮಕ್ಕಳಿಗಿ ನಾವು ಐವತ್ತು ಅಂತ ಹೇಳಿದ್ವಿ.
ಗ್ವಾಡಿಗಿ ಚೀಲ ಎತ್ತೋ ಕೊಂಡಿ, ಸುಣ್ಣದಾಗ ಅರ್ಧ ಅಳಿಸಿದ ರೇಟು,
ತೊಲಿ ಮ್ಯಾಲ ಇನ್ನೂ ಹೊಟ್ಟು.
ನನ್ನ ನಕ್ಷತ್ರ ಹಗಲಿನಾಗ
ಹಳದಿ ಬಳದ ತಗಡು.

ಮೂಲ್ಯಾಗ ನಾಕು ಗೋಣಿಚೀಲ.
ಸೂಗಮ್ಮ ಬಾಯಿ ಬಿಚ್ಚಿ ತೋರಿಸಿದ್ಳು:
ಒಂಟಿ ಚಪ್ಪಲಿ, ಕ್ಲಿಪ್ಪು, ಝುಮಕಿ,
ಒಂದು ಕನ್ನಡಕ, ಪರೀಕ್ಷಾ ಹಾಲ್‌ಟಿಕೀಟು,
ಯಾರದೋ ಮ್ಯಾಲಿನ ಹಲ್ಲಿನ ಸೆಟ್ಟು.
ಮಂಗಳವಾರಕ್ಕೊಮ್ಮಿ ಕಸ ಹೊಡಿಯುವಾಗ
ಆರಿಸಿ ಇಟ್ಟಾಳ, ಯಾರಾರ ಕೇಳ್ಕೋತ ಬರ್ತಾರ ಅಂತ.
ಯಾರೂ ಬಂದಿಲ್ಲ.

'ನೀ ಹೇಳು ಸೂಗವ್ವಾ, ಜರ್ಕು ಬೇಕೋ ಬ್ಯಾಡೋ?'
'ನಾ ಒಮ್ಮಿನೂ ಕುಂತಿಲ್ರಿ.
ತೆಳಗ ಇರ್ತಿದ್ದೆ, ಪಂಪಿನ ಖೋಲ್ಯಾಗ.
ಆ ತಿರುವಿಗಿ ಬಂದ್ರ ಎಲ್ಲರೂ ಯವ್ವಾ ಅಂತ ಒದರತಿದ್ರಿ.
ಸಣ್ಣವರಷ್ಟೇ ಅಲ್ಲ, ಮೀಸಿ ಇದ್ದವರೂ.
ಮನಿಗಿ ಹೋಗಿ ರೊಟ್ಟಿ ಬಡಿಯುವಾಗೂ ಕಿವ್ಯಾಗ ಇರ್ತಿತ್ತು.
ಅದಷ್ಟು ಇರಲಿ.
ಹಳಿ ಹ್ಯಾಂಗರ ಮಾಡ್ಕೋರಿ.'

ಅಂಬಾರಾಯ ಚೀಲದಾಗ ಕೈ ಹಾಕಿ
ನೀಲಿ ಪಟ್ಟಿಯ ಒಂದು ಚಪ್ಪಲಿ ಎಳದ.
ತೊಂಬತ್ತಾರರ ಮೇ ತಿಂಗಳಂದು, ನಂದೇ, ಅಂದ.
ಕಾಲಿಗಿ ಹಾಕಿ ನೋಡಿದ,
ಬೆರಳಷ್ಟೇ ಹೊಕ್ಕವು.

ಅತ್ತಾಗ ಮೂರನೇ ಕಂಬದ ಬುಡಕ ಕುಂತು
ಟೇಪಿನ ತುದಿ ಪ್ರೇರಣಾನ ಕೈಗಿ ಕೊಟ್ಟ ತಯ್ಯಬ್.
'ಎರಡಲ್ಲ,' ಅಂದ್ಳು ಅಕಿ. 'ಒಂದೂವರಿ ಬೆರಳು.'
'ಎರಡು.'
'ಕನ್ನಡಕ ಹಾಕ್ಕೋ ಕಾಕಾ. ಚೀಲದಾಗ ಒಂದು ಅದ.'